ಸೀಸೆಯ ಮೇಲಿನ 0.6: ಕೊಳಕುಮಂಡಲದ ಕಡಿತ ಮತ್ತು ಭಾರತದ ಪ್ರತಿವಿಷ, ಒಂದು ಪ್ರಕರಣ ಅಧ್ಯಯನ

ಹಾವು ಕಚ್ಚಿ ಆಸ್ಪತ್ರೆ ಸೇರಿದವರಿಗೆ ಭಾರತದಲ್ಲಿ ಕೊಡುವ ನಿರ್ದಿಷ್ಟ ಔಷಧ ಒಂದೇ. ಅದು ಹೆಚ್ಚಾಗಿ ಬಿಳಿ ಪುಡಿಯ ರೂಪದಲ್ಲಿ ಪುಟ್ಟ ಗಾಜಿನ ಸೀಸೆಯಲ್ಲಿ ಬರುತ್ತದೆ. ದಾದಿಯರು ಅದಕ್ಕೆ 10 ಮಿಲಿಲೀಟರ್ ಶುದ್ಧ ನೀರು ಬೆರೆಸಿ, ಸಲೈನಿಗೆ ಸೇರಿಸಿ, ಸುಮಾರು ಒಂದು ಗಂಟೆಯ ಅವಧಿಯಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ. ವಾರ್ಡಿನಲ್ಲಿ ಇದಕ್ಕೆ ಎಎಸ್‌ವಿ (ಆ್ಯಂಟಿ ಸ್ನೇಕ್ ವೆನಮ್) ಎಂದು ಹೆಸರು, ಊರಿನವರ ಬಾಯಲ್ಲಿ ಹಾವಿನ ಇಂಜೆಕ್ಷನ್. ಇಲ್ಲಿ ಅದನ್ನು ಪ್ರತಿವಿಷ ಎಂದು ಕರೆದಿದ್ದೇನೆ. ಸೀಸೆಗೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಹಾವುಗಳ ಹೆಸರೂ ಪ್ರತಿಯೊಂದರ ಮುಂದೆ ಒಂದು ಸಂಖ್ಯೆಯೂ ಇರುತ್ತವೆ. ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕೃತ ಗ್ರಂಥವಾದ ಭಾರತೀಯ ಫಾರ್ಮಾಕೋಪಿಯಾ ವಿಧಿಸಿರುವಂತೆ ಒಂದು ಮಿಲಿಲೀಟರ್ ಪ್ರತಿವಿಷವು ಕನಿಷ್ಠ 0.6 ಮಿಲಿಗ್ರಾಂ ನಾಗರಹಾವಿನ ವಿಷವನ್ನು, 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು, 0.45 ಮಿಲಿಗ್ರಾಂ ಕಟ್ಟುಹಾವಿನ ವಿಷವನ್ನು ಮತ್ತು 0.45 ಮಿಲಿಗ್ರಾಂ ಗರಗಸ ಮಂಡಲದ ವಿಷವನ್ನು ನಿಷ್ಕ್ರಿಯಗೊಳಿಸಬೇಕು.

ಈ ಅಧ್ಯಯನ ಆ ಎರಡನೆಯ ಸಂಖ್ಯೆಯ ಕುರಿತಾದದ್ದು. ಕೊಳಕುಮಂಡಲದ ಮುಂದಿರುವ 0.6 ಎಲ್ಲಿಂದ ಬಂತು, ಅದು ಯಾವ ಹಾವಿನ ವಿಷಕ್ಕೆ ಕೊಟ್ಟ ಮಾತು, ಮತ್ತು ಬೇರೊಂದು ಸೀಮೆಯ ಹೊಲದಲ್ಲಿ ಕಚ್ಚಿದ ಹಾವಿಗೆ ಆ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಬೆನ್ನು ಹತ್ತಿದರೆ ಪ್ರತಿವಿಷದ ಸಂಶೋಧನೆ ಇವತ್ತು ಎಲ್ಲಿ ತೊಡಕಿಕೊಂಡಿದೆ, ಎಲ್ಲಿ ಮುಂದೆ ಸಾಗುತ್ತಿದೆ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ. ಕೊಳಕುಮಂಡಲವನ್ನೇ ಆರಿಸಿಕೊಳ್ಳಲು ಕಾರಣವಿದೆ. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕಚ್ಚಿದ ಹಾವು ಯಾವುದೆಂದು ದಾಖಲಾದ ಪ್ರಕರಣಗಳನ್ನು ಅದೇ ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ, ನೂರಕ್ಕೆ 43ರಷ್ಟು ಕಡಿತಗಳಲ್ಲಿ ಅದು ಕೊಳಕುಮಂಡಲವಾಗಿತ್ತು.

ಹತ್ತು ಸೀಸೆಯ ಲೆಕ್ಕ

ಕೊಳಕುಮಂಡಲ ಕಚ್ಚಿ ವಿಷವೇರಿದ ಲಕ್ಷಣಗಳು ಕಂಡವರಿಗೆ ಮೊದಲ ಸುತ್ತಿನಲ್ಲಿ 8ರಿಂದ 10 ಸೀಸೆ ಕೊಡಬೇಕೆಂದು ಭಾರತದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಇದರ ಹಿಂದಿರುವುದು ಸರಳ ಗುಣಾಕಾರ. ಮಿಲಿಲೀಟರಿಗೆ 0.6 ಮಿಲಿಗ್ರಾಂ ಎಂದಮೇಲೆ 10 ಮಿಲಿಲೀಟರಿನ ಒಂದು ಸೀಸೆ 6 ಮಿಲಿಗ್ರಾಂ ವಿಷಕ್ಕೆ ಸಾಕು. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ. ಆರರಿಂದ ಭಾಗಿಸಿದರೆ ಹತ್ತರ ಆಸುಪಾಸಿನ ಸಂಖ್ಯೆ ಬರುತ್ತದೆ. ಸರಾಸರಿಯ ಆಚೀಚೆ ಏರಿಳಿತ ದೊಡ್ಡದು: ಕನಿಷ್ಠ 5, ಗರಿಷ್ಠ 147 ಮಿಲಿಗ್ರಾಂ. ಹೀಗಾಗಿ ಕೆಲವರಿಗೆ 25 ಸೀಸೆಗಳವರೆಗೂ ಬೇಕಾಗಬಹುದೆಂದು ಮಾರ್ಗಸೂಚಿಯಲ್ಲೇ ಅವಕಾಶವಿದೆ.

ಕಾಗದದ ಮೇಲೆ ಲೆಕ್ಕ ಚೊಕ್ಕಟವಾಗಿದೆ. ಆದರೆ ಈ 63 ಮಿಲಿಗ್ರಾಮಿನ ಅಳತೆ ನಡೆದದ್ದು ಭಾರತದಲ್ಲಲ್ಲ, ಬರ್ಮಾದಲ್ಲಿ; ಅಲ್ಲಿನ ಸಂಶೋಧಕರು ಅದನ್ನು 1986ರಲ್ಲಿ ಪ್ರಕಟಿಸಿದರು. ಆಗ ಎರಡೂ ದೇಶಗಳ ಕೊಳಕುಮಂಡಲವನ್ನು ಒಂದೇ ಜಾತಿಯೆಂದು ಎಣಿಸುತ್ತಿದ್ದರು. ಬರ್ಮಾ, ಥಾಯ್ಲೆಂಡ್ ಮೊದಲಾದ ಪೂರ್ವ ದೇಶಗಳ ಹಾವನ್ನು ವರ್ಗೀಕರಣ ವಿಜ್ಞಾನಿಗಳು ಈಗ ಬೇರೆಯೇ ಜಾತಿಯಾಗಿ ಪರಿಗಣಿಸುತ್ತಾರೆ. ಹಾಗೆಂದು ಲೆಕ್ಕವೇ ಕೆಲಸಕ್ಕೆ ಬಾರದ್ದೆಂದು ನಾನು ಹೇಳುತ್ತಿಲ್ಲ. ಎರಡೂ ಹಾವುಗಳ ಗಾತ್ರ ಹೆಚ್ಚು ಕಡಿಮೆ ಒಂದೇ, ಹತ್ತು ಸೀಸೆಯ ವಾಡಿಕೆ ಸಾವಿರಾರು ಜೀವಗಳನ್ನು ಉಳಿಸಿದೆ. ಆದರೂ ಗುಣಾಕಾರದ ಒಂದು ಅಂಕಿ ಬೇರೆ ದೇಶದ ಹಾವಿನದು ಎಂಬುದು ನೆನಪಿನಲ್ಲಿರಬೇಕು, ಏಕೆಂದರೆ ಇನ್ನೊಂದು ಅಂಕಿಯಾದ 0.6ರ ಕಥೆಯೂ ಹೆಚ್ಚೇನೂ ಬೇರೆಯಲ್ಲ.

ವಡನೆಮ್ಮೇಲಿಯ ಮಡಕೆಗಳು

ಪ್ರತಿವಿಷ ತಯಾರಿಸುವ ಕ್ರಮ ಮೂಲತಃ 1890ರ ದಶಕದ್ದೇ. ಹಾವಿನ ವಿಷವನ್ನು ಅತಿ ಕಡಿಮೆ ಪ್ರಮಾಣದಿಂದ ಮೊದಲುಮಾಡಿ ವಾರಗಟ್ಟಲೆ ಏರಿಸುತ್ತಾ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ದೇಹ ಆ ವಿಷದ ಪ್ರೋಟೀನುಗಳನ್ನು ಗುರುತಿಸಿ ಹಿಡಿಯಬಲ್ಲ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಅನಂತರ ಅದರ ರಕ್ತ ತೆಗೆದು, ಕೆಂಪುಕಣಗಳನ್ನು ಕುದುರೆಗೇ ಹಿಂದಿರುಗಿಸಿ, ಉಳಿದ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಪೆಪ್ಸಿನ್ ಕಿಣ್ವದಿಂದ ಕತ್ತರಿಸಿ, ವಿಷವನ್ನು ಹಿಡಿಯುವ ತುಂಡುಗಳನ್ನು ಉಳಿಸಿಕೊಂಡು ಒಣಗಿಸುತ್ತಾರೆ. ಕುದುರೆ ತನಗೆ ತೋರಿಸಿದ ವಿಷವನ್ನಷ್ಟೇ ಕಲಿಯುತ್ತದೆ, ತೋರಿಸದೆ ಬಿಟ್ಟದ್ದರ ಅರಿವು ಅದಕ್ಕಿರುವುದಿಲ್ಲ. ಆದ್ದರಿಂದ ಅದಕ್ಕೆ ತೋರಿಸುವ ವಿಷ ಎಲ್ಲಿಂದ ಬರುತ್ತದೆ ಎಂಬುದೇ ಇಡೀ ಪ್ರಕರಣದ ಬುಡ.

ಭಾರತದಲ್ಲಿ ಈ ವಿಷದ ಬಹುಪಾಲು ಬರುವುದು ಚೆನ್ನೈನ ದಕ್ಷಿಣಕ್ಕೆ, ಕಡಲ ದಂಡೆಯ ರಸ್ತೆಯಲ್ಲಿರುವ ವಡನೆಮ್ಮೇಲಿ ಎಂಬ ಊರಿನಿಂದ. ಅಲ್ಲಿ 1978ರಲ್ಲಿ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿಕೊಂಡಿತು. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ಅದಕ್ಕೂ ಮೊದಲು ಇರುಳರು ಹಾವಿನ ಚರ್ಮದ ವ್ಯಾಪಾರಿಗಳಿಗೆ ಹಾವು ಹಿಡಿದುಕೊಡುತ್ತಿದ್ದರು. ವನ್ಯಜೀವಿ ಕಾನೂನು ಆ ವ್ಯಾಪಾರವನ್ನು ನಿಲ್ಲಿಸಿದಾಗ ಅವರ ಅನ್ನಕ್ಕೆ ಕಲ್ಲು ಬಿತ್ತು. ಹಾವನ್ನು ಕೊಲ್ಲದೆ ವಿಷ ತೆಗೆದು ಬದುಕುವ ದಾರಿಯನ್ನು ಈ ಸಂಘ ತೋರಿಸಿಕೊಟ್ಟಿತು. ಸುತ್ತಲಿನ ಜಿಲ್ಲೆಗಳ ಗದ್ದೆ ಬದು, ಬೇಲಿ, ಹುತ್ತಗಳಲ್ಲಿ ಹೆಜ್ಜೆ ಜಾಡು ಹಿಡಿದು ತಂದ ಹಾವುಗಳನ್ನು ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಮೂರು-ನಾಲ್ಕು ವಾರ ಇಟ್ಟು, ನಾಲ್ಕು ಬಾರಿ ವಿಷ ತೆಗೆದು, ಹೊಟ್ಟೆಯ ಹುರುಪೆಯ ಅಂಚು ಕತ್ತರಿಸಿ ಗುರುತು ಮಾಡಿ ಮತ್ತೆ ಬಿಡುತ್ತಾರೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯ್ಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಅದು ತಕ್ಕದ್ದೇ, ತಡವಾಗಿ ಬಂದದ್ದೂ ನಿಜ.

ಇಲ್ಲಿ ತಪ್ಪು ಹುಡುಕಬೇಕಾದದ್ದು ಇರುಳರಲ್ಲಲ್ಲ. ಒಂದು ಸಣ್ಣ ಸಹಕಾರ ಸಂಘ, ಒಂದೆರಡು ಜಿಲ್ಲೆಗಳ ಹಾವುಗಳಿಂದ, ಒಂದು ಉಪಖಂಡದ ಔಷಧಕ್ಕೆ ಕಚ್ಚಾವಸ್ತು ಒದಗಿಸಬೇಕಾದ ಸ್ಥಿತಿಯನ್ನು ಉಳಿದವರೆಲ್ಲ ಸೇರಿ ನಿರ್ಮಿಸಿದ್ದಾರೆ. ಪ್ರತಿವಿಷ ತಯಾರಿಸುವ ಕಂಪನಿಗಳು ಒಂದೇ ಕಡೆಯಿಂದ ವಿಷ ತರಿಸಿಕೊಂಡವು. ಕಾಡು ಹಾವನ್ನು ಹಿಡಿದು ವಿಷ ತೆಗೆಯಲು ಬೇಕಾದ ಅನುಮತಿ ಬೇರೆ ರಾಜ್ಯಗಳಲ್ಲಿ ಸುಲಭವಾಗಿ ಸಿಗಲಿಲ್ಲ. ಔಷಧ ನಿಯಮಗಳು ಎಷ್ಟು ಮಿಲಿಗ್ರಾಂ ಎಂದು ಕೇಳಿದವೇ ಹೊರತು ಯಾವ ಊರಿನ ಹಾವು ಎಂದು ಕೇಳಲಿಲ್ಲ. 0.6 ಎಂಬುದು ಹೀಗೆ ತಮಿಳುನಾಡಿನ ಬಡಗಣ ಕರಾವಳಿಯ ಕೊಳಕುಮಂಡಲಕ್ಕೆ ಕೊಟ್ಟ ಮಾತಾಯಿತು.

ಸಂಖ್ಯೆಯನ್ನು ಪರೀಕ್ಷಿಸುವ ವಿಧಾನವನ್ನೂ ಇಲ್ಲಿ ಗಮನಿಸಬೇಕು. ಗೊತ್ತಾದ ಪ್ರಮಾಣದ ವಿಷವನ್ನೂ ಪ್ರತಿವಿಷವನ್ನೂ ಗಾಜಿನ ಕೊಳವೆಯಲ್ಲಿ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟು, ಆ ಮಿಶ್ರಣವನ್ನು ಇಲಿಗಳಿಗೆ ಚುಚ್ಚಿ ಎಷ್ಟು ಇಲಿಗಳು ಬದುಕುತ್ತವೆಂದು ಎಣಿಸುತ್ತಾರೆ. ರೈತನ ಕಾಲಿನಲ್ಲಿ ಈ ಸೌಲಭ್ಯವಿಲ್ಲ: ಅಲ್ಲಿ ವಿಷ ಮೊದಲು ಇಳಿಯುತ್ತದೆ, ಪ್ರತಿವಿಷ ಗಂಟೆಗಳ ಅನಂತರ ಬರುತ್ತದೆ. ಇದಕ್ಕಿಂತ ಮುಖ್ಯವಾಗಿ, ಪರೀಕ್ಷೆಗೆ ಬಳಸುವ ವಿಷವೂ ಬಹುಪಾಲು ಕುದುರೆಗೆ ಚುಚ್ಚಿದ ವಿಷದ ಮೂಲದಿಂದಲೇ ಬಂದದ್ದು. ಪಾಠ ಹೇಳಿದ ಮೇಷ್ಟ್ರೇ ಪ್ರಶ್ನೆಪತ್ರಿಕೆಯನ್ನೂ ಬರೆದರೆ ತರಗತಿಯೆಲ್ಲ ಪಾಸಾಗುವುದರಲ್ಲಿ ಆಶ್ಚರ್ಯವಿಲ್ಲ.

ವಾರ್ಡಿನಲ್ಲಿ ಕಾಣದ ವ್ಯತ್ಯಾಸ

ಕೊಳಕುಮಂಡಲದ ವಿಷ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಅದರಲ್ಲಿನ ಎರಡು ಕಿಣ್ವಗಳು ರಕ್ತ ಹೆಪ್ಪುಗಟ್ಟುವ ಸರಪಣಿಯ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಬಲವಂತವಾಗಿ ಚಾಲೂ ಮಾಡುತ್ತವೆ. ಮೈತುಂಬ ಸಣ್ಣಸಣ್ಣ ಹೆಪ್ಪುಗಳಾಗಿ, ಹೆಪ್ಪಿಗೆ ಬೇಕಾದ ಪ್ರೋಟೀನಾದ ಫೈಬ್ರಿನೋಜೆನ್ ಖರ್ಚಾಗಿ ಹೋಗುತ್ತದೆ. ಆಮೇಲೆ ನಿಜವಾಗಿ ಹೆಪ್ಪುಗಟ್ಟಬೇಕಾದಾಗ ರಕ್ತದಲ್ಲಿ ಅದಕ್ಕೆ ಬೇಕಾದದ್ದೇ ಉಳಿದಿರುವುದಿಲ್ಲ. ವಸಡು, ಮೂತ್ರ, ಸೂಜಿ ಚುಚ್ಚಿದ ಜಾಗ, ಕೆಲವೊಮ್ಮೆ ಮಿದುಳು, ಎಲ್ಲೆಂದರಲ್ಲಿ ರಕ್ತ ಒಸರುತ್ತದೆ. ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್ ಬೇಕಾಗುವುದು ಈ ಹಾವಿನ ಕಡಿತದಲ್ಲಿ ಸಾಮಾನ್ಯ. ದಕ್ಷಿಣ ಭಾರತದಲ್ಲಿ ಮತ್ತು ಶ್ರೀಲಂಕಾದಲ್ಲಿ ಇದರ ಜೊತೆಗೆ ಕಣ್ಣಿನ ರೆಪ್ಪೆ ಜೋಲುವಂಥ ನರಸಂಬಂಧಿ ಲಕ್ಷಣಗಳೂ ಕಾಣುತ್ತವೆ. ಒಂದೇ ಹಾವು ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಕಾಯಿಲೆ ಉಂಟುಮಾಡುತ್ತದೆ ಎಂಬ ಸುಳಿವು ಹೀಗೆ ಪ್ರಯೋಗಾಲಯಕ್ಕಿಂತ ಮೊದಲು ರೋಗಿಯ ಹಾಸಿಗೆಯ ಬಳಿಯಲ್ಲೇ ಸಿಕ್ಕಿತ್ತು.

ರಕ್ತದ ಸ್ಥಿತಿ ತಿಳಿಯಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ದೊಡ್ಡ ಯಂತ್ರ ಬೇಕಿಲ್ಲ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಗೆ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ಬಾಗಿಸಿ ನೋಡಬೇಕು. ರಕ್ತ ಹರಿದರೆ ಹೆಪ್ಪುಗಟ್ಟಿಲ್ಲವೆಂದು ಅರ್ಥ. ಕೊಳವೆ ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶ ಸುಳ್ಳು ಹೇಳುತ್ತದೆ. ಪ್ರತಿವಿಷ ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಇದನ್ನೇ ಮತ್ತೆ ಮಾಡುತ್ತಾರೆ, ಏಕೆಂದರೆ ವಿಷ ಪೂರ್ತಿ ಅಡಗಿದ್ದರೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಆಗಲೂ ರಕ್ತ ಹರಿದರೆ ಇನ್ನೊಂದು ಸುತ್ತು ಪ್ರತಿವಿಷ.

ಪ್ರಕರಣದ ಗಂಟು ಇರುವುದು ಇಲ್ಲೇ. ಹತ್ತು ಸೀಸೆ ಕೊಟ್ಟು ಆರು ಗಂಟೆಯಾದ ಮೇಲೂ ಕೊಳವೆಯ ರಕ್ತ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಹಾವು ಸರಾಸರಿಗಿಂತ ಹೆಚ್ಚು ವಿಷ ಇಳಿಸಿರಬಹುದು. ಆಗ ಇನ್ನಷ್ಟು ಸೀಸೆ ಕೊಡುವುದು ಸರಿ. ಅಥವಾ ಆ ಸೀಮೆಯ ಹಾವಿನ ವಿಷದಲ್ಲಿ ಕುದುರೆ ಎಂದೂ ಕಾಣದ ಪ್ರೋಟೀನುಗಳಿರಬಹುದು. ಆಗ ಸೀಸೆಗಳ ಮೇಲೆ ಸೀಸೆ ಸುರಿದರೂ ಪ್ರಯೋಜನ ಅತ್ಯಲ್ಪ. ಹಾಸಿಗೆಯ ಬಳಿ ನಿಂತ ವೈದ್ಯರಿಗೆ ಈ ಎರಡನ್ನೂ ಪ್ರತ್ಯೇಕಿಸುವ ಉಪಾಯವಿಲ್ಲ, ಕೊಳವೆ ಎರಡೂ ಸಂದರ್ಭಗಳಲ್ಲಿ ಒಂದೇ ಉತ್ತರ ಕೊಡುತ್ತದೆ. ಪ್ರತಿವಿಷ ಹೊಂದಿಕೊಳ್ಳದಿದ್ದಾಗ ಉಂಟಾಗುವ ನಷ್ಟ ನಮ್ಮ ದಾಖಲೆಗಳಲ್ಲಿ ‘ಹೆಚ್ಚು ಸೀಸೆ ಬೇಕಾಯಿತು’, ‘ತಡವಾಗಿ ಬಂದರು’, ‘ಮೂತ್ರಪಿಂಡ ವೈಫಲ್ಯ’ ಎಂಬ ಬೇರೆ ಹೆಸರುಗಳಲ್ಲಿ ಸೇರಿಹೋಗಿರುವುದು ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ.

ಹೆಚ್ಚು ಕೊಟ್ಟರೆ ನಷ್ಟವೇನು ಎಂದು ಕೇಳಬಹುದು. ಕುದುರೆಯ ಪ್ರೋಟೀನು ಮನುಷ್ಯನ ದೇಹಕ್ಕೆ ಪರಕೀಯ. ಭಾರತದಲ್ಲಿ ತಯಾರಾದ ಪ್ರತಿವಿಷವನ್ನೇ ಬಳಸುವ ಶ್ರೀಲಂಕಾದಲ್ಲಿ 1,007 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೂರಕ್ಕೆ ಸುಮಾರು 75 ಮಂದಿಗೆ ನಡುಕ, ದದ್ದು, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿತ ಮುಂತಾದ ಯಾವುದಾದರೊಂದು ಪ್ರತಿಕ್ರಿಯೆ ಆಯಿತು. ಮುಂಚಿತವಾಗಿ ಸ್ವಲ್ಪ ಅಡ್ರಿನಲಿನ್ ಚುಚ್ಚಿದ್ದರೆ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ನೂರಕ್ಕೆ 43ರಷ್ಟು ತಗ್ಗುತ್ತವೆ ಎಂಬುದು ಆ ಪ್ರಯೋಗದ ದೊಡ್ಡ ಫಲ. ನನ್ನ ದೃಷ್ಟಿಯಲ್ಲಿ ಇದು ಹೊಸ ಅಣುಗಳ ಸುದ್ದಿಗಿಂತ ಕಡಿಮೆ ತೂಕದ ಸಂಶೋಧನೆಯಲ್ಲ, ಅದಕ್ಕೆ ಸಿಕ್ಕ ಪ್ರಚಾರ ಮಾತ್ರ ಕಡಿಮೆ.

ಹಳೆಯ ಜಗಳ, ಹೊಸ ಪುರಾವೆ

ವಿಷ ಊರಿಂದೂರಿಗೆ, ಹಾವಿನಿಂದ ಹಾವಿಗೆ ಬದಲಾಗುತ್ತದೆ ಎಂಬುದು ಹೊಸದಾಗಿ ಕಂಡುಕೊಂಡದ್ದಲ್ಲ. ಪ್ರತಿವಿಷದ ಆದ್ಯರಲ್ಲಿ ಒಬ್ಬರಾದ ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟ್, ನಾಗರಹಾವಿನ ವಿಷದಿಂದ ತಾವು ತಯಾರಿಸಿದ ಸೀರಂ ಇತರ ಹಾವುಗಳಿಗೂ ಆಗುತ್ತದೆಂದು ನಂಬಿದ್ದರು. ಕಳೆದ ಶತಮಾನದ ಆರಂಭದಲ್ಲಿ ಬೊಂಬಾಯಿಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್, ಕೊಳಕುಮಂಡಲದ ವಿಷದೆದುರು ಆ ಸೀರಂ ನಿಷ್ಪ್ರಯೋಜಕವೆಂದು ತೋರಿಸಿದರು. ಬ್ರೆಜಿಲ್‌ನಲ್ಲಿ ವಿಟಾಲ್ ಬ್ರಜೀಲ್ ಕೂಡ ಅದೇ ಕಾಲದಲ್ಲಿ ಅಲ್ಲಿನ ಹಾವುಗಳ ಮೇಲೆ ಪ್ರಯೋಗ ಮಾಡಿ ಇದೇ ತೀರ್ಮಾನಕ್ಕೆ ಬಂದರು. ಒಂದು ಹಾವಿನ ಸೀರಂ ಇನ್ನೊಂದಕ್ಕೆ ಆಗದು ಎಂಬ ಪಾಠವನ್ನು ಉದ್ಯಮ ಕಲಿತದ್ದರಿಂದಲೇ ನಾಲ್ಕು ಹಾವುಗಳ ಮಿಶ್ರ ಪ್ರತಿವಿಷ ಬಂತು. ಒಂದೇ ಜಾತಿಯ ಹಾವಿನೊಳಗೂ ಇದೇ ಪಾಠ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಅದು ಅರ್ಧಕ್ಕೇ ಬಿಟ್ಟಿತು.

ಹೊಂದಿಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅತ್ಯಂತ ಕಟುವಾದ ಸಾಕ್ಷ್ಯ ಸಿಕ್ಕಿದ್ದು ಘಾನಾದಲ್ಲಿ. ಅಲ್ಲಿನ ಗ್ರಾಮೀಣ ಆಸ್ಪತ್ರೆಯೊಂದರಲ್ಲಿ ಬಳಕೆಯಲ್ಲಿದ್ದ ಪ್ರತಿವಿಷದ ಬದಲು ಭಾರತದಲ್ಲಿ ತಯಾರಾದ ಇನ್ನೊಂದನ್ನು ತಂದಾಗ, ಆಫ್ರಿಕಾದ ಗರಗಸ ಮಂಡಲ ಕಚ್ಚಿದವರಲ್ಲಿ ಸಾವಿನ ಪ್ರಮಾಣ ನೂರಕ್ಕೆ 1.8 ಇದ್ದದ್ದು 12.1ಕ್ಕೆ ಏರಿತೆಂದು 2008ರಲ್ಲಿ ವರದಿಯಾಯಿತು. ಹಾವಿನ ವೈಜ್ಞಾನಿಕ ಹೆಸರಿನ ಮೊದಲರ್ಧ ಎರಡೂ ಕಡೆ ಒಂದೇ ಆಗಿತ್ತು, ವಿಷ ಬೇರೆಯಾಗಿತ್ತು.

ಭಾರತದೊಳಗಿನ ವ್ಯತ್ಯಾಸವನ್ನು ಕ್ರಮಬದ್ಧವಾಗಿ ಅಳೆಯುವ ಕೆಲಸದಲ್ಲಿ ಮುಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ನೇತೃತ್ವದ ಪ್ರಯೋಗಾಲಯ. 2019ರಲ್ಲಿ ಈ ತಂಡ ಚೀಟಿಯ ಮೇಲಿನ ನಾಲ್ಕು ಹೆಸರುಗಳ ಆಚೆಗಿನ ಹಾವುಗಳನ್ನು ಪರೀಕ್ಷಿಸಿತು. ಪಶ್ಚಿಮ ಭಾರತದ ಸಿಂಧ್ ಕಟ್ಟುಹಾವಿನ ವಿಷ ನಾಗರಹಾವಿನದಕ್ಕಿಂತ 40 ಪಟ್ಟು ತೀವ್ರವೆಂದು ಕಂಡಿತು, ಮಾರುಕಟ್ಟೆಯ ಪ್ರತಿವಿಷ ಅದರೆದುರು ಸೋತಿತು. ಹೆಡೆಯ ಮೇಲೆ ಒಂಟಿ ಉಂಗುರದ ಗುರುತಿರುವ (ಮೊನೊಕಲ್ಡ್) ನಾಗರಹಾವಿನ ವಿಷ ಪಶ್ಚಿಮ ಬಂಗಾಳದಲ್ಲಿ ನರವಿಷಗಳಿಂದ ತುಂಬಿದ್ದರೆ ಅರುಣಾಚಲದಲ್ಲಿ ಜೀವಕೋಶ ಕೊಲ್ಲುವ ವಿಷಗಳಿಂದ ತುಂಬಿತ್ತು. ಕೊಳಕುಮಂಡಲದ ಮೇಲೆ ಇದೇ ತಂಡ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಬೇರೆ ಬೇರೆ ಹವಾಮಾನ ವಲಯಗಳ ವಿಷಗಳನ್ನು ಪ್ರತಿವಿಷ ಸಮನಾಗಿ ನಿಷ್ಕ್ರಿಯಗೊಳಿಸುವುದಿಲ್ಲವೆಂದು ಇಲಿಗಳ ಪ್ರಯೋಗದಿಂದ ಗೊತ್ತಾಯಿತು.

2025ರ ಏಪ್ರಿಲ್‌ನಲ್ಲಿ ಬಂದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ದೇಶದ 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಪರೀಕ್ಷಿಸಿ, ಅದರ ಕಿಣ್ವಗಳ ಚಟುವಟಿಕೆಯನ್ನು ಆಯಾ ಸ್ಥಳದ ಉಷ್ಣಾಂಶ, ಮಳೆಯ ದಾಖಲೆಗಳೊಡನೆ ಹೋಲಿಸಿದರು. ವಿಷದ ವ್ಯತ್ಯಾಸದ ಒಂದು ಪಾಲನ್ನು ಹವಾಮಾನ ವಿವರಿಸುತ್ತದೆ, ಒಣಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳ ಕೆಲಸ ಹೆಚ್ಚು ಎಂದು ಕಂಡಿತು. ಇದರಿಂದ ವಿಷದ ನಕ್ಷೆಯೊಂದನ್ನು ಅಂದಾಜು ಮಾಡಲು ಸಾಧ್ಯವಾಯಿತು. ಈ ನಕ್ಷೆ ಚಿಕಿತ್ಸೆಗೆ ನೇರವಾಗಿ ಒದಗುವಂಥದ್ದಲ್ಲ. ಆದರೆ ಎಲ್ಲಿಯ ಹಾವಿನ ವಿಷವನ್ನು ಕುದುರೆಗೆ ತೋರಿಸಬೇಕು ಎಂಬ ಪ್ರಶ್ನೆಗೆ ಅಂದಾಜಿನ ಬದಲು ಅಳತೆಯಿಂದ ಉತ್ತರ ಹೇಳಬಹುದಾದ ಸ್ಥಿತಿ ಇದರಿಂದ ಬಂದಿದೆ. ಮಳೆ ಧಾರಾಳವಾಗಿ ಸುರಿಯುವ ಮಲೆನಾಡು ಮತ್ತು ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆ ಎರಡನ್ನೂ ಒಳಗೊಂಡ ಕರ್ನಾಟಕದಂಥ ರಾಜ್ಯಕ್ಕೆ ಇದು ಕುತೂಹಲದ ಸಂಗತಿ ಮಾತ್ರವಲ್ಲ.

ಮಲೆನಾಡಿನ ಮಾತು ಬಂದದ್ದರಿಂದ ಚೀಟಿಯಲ್ಲಿ ಹೆಸರೇ ಇಲ್ಲದ ಒಂದು ಹಾವನ್ನು ಇಲ್ಲಿ ಹೇಳಬೇಕು. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯಲ್ಲಿ ಮಲಗುವ, ಗೇಣುದ್ದಕ್ಕಿಂತ ತುಸು ಉದ್ದವಿರುವ ಗೂನುಮೂಗಿನ ಗುಳಿಮಂಡಲವನ್ನು ಹಿಂದೆ ಆಸ್ಪತ್ರೆಗಳಲ್ಲಿ ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸುತ್ತಿದ್ದರು. ಇದರ ಕಡಿತದಿಂದ ರಕ್ತ ಕೆಡುವುದೂ ಮೂತ್ರಪಿಂಡ ಸೋಲುವುದೂ ಉಂಟೆಂದು, ನಾಲ್ಕು ಹಾವುಗಳ ಪ್ರತಿವಿಷ ಇದಕ್ಕೆ ಆಗುವುದಿಲ್ಲವೆಂದು ಕೇರಳದ ವೈದ್ಯರು 2007ರಲ್ಲಿ ಹಾವನ್ನು ಖಚಿತವಾಗಿ ಗುರುತಿಸಿದ ಪ್ರಕರಣಗಳ ಮೂಲಕ ತೋರಿಸಿದರು. ಇಂಥ ರೋಗಿಗೆ ಎಎಸ್‌ವಿ ಕೊಟ್ಟರೆ ಲಾಭ ಶೂನ್ಯ, ಕುದುರೆ ಪ್ರೋಟೀನಿನ ಅಪಾಯ ಪೂರ್ತಿ.

ಅಣುಗಳು ಮತ್ತು ಅವುಗಳ ಮಿತಿ

ಕುದುರೆಯನ್ನೇ ಬಿಟ್ಟು ಪ್ರಯೋಗಾಲಯದಲ್ಲಿ ಪ್ರತಿಕಾಯ ತಯಾರಿಸುವ ಪ್ರಯತ್ನಗಳು ಈಚಿನ ವರ್ಷಗಳಲ್ಲಿ ವೇಗ ಪಡೆದಿವೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಇದೇ ತಂಡ ಜೊತೆಯಾಗಿ 95ಮ್ಯಾಟ್5 ಎಂಬ ಪ್ರತಿಕಾಯವನ್ನು ಪ್ರಕಟಿಸಿದವು. ನಾಗರಹಾವು, ಕಟ್ಟುಹಾವು, ಕಾಳಿಂಗ, ಆಫ್ರಿಕಾದ ಮಾಂಬಾ ಇವುಗಳ ವಿಷದಲ್ಲಿ ಮೂರು ಬೆರಳಿನಾಕಾರದ ಒಂದು ಬಗೆಯ ನರವಿಷವಿದೆ. ಅದು ನಮ್ಮ ಸ್ನಾಯುಗಳ ಗ್ರಾಹಕವನ್ನು ಹಿಡಿದುಕೊಂಡು ನರದ ಸಂದೇಶವನ್ನು ತಡೆಯುತ್ತದೆ. ಎಷ್ಟೇ ರೂಪಾಂತರವಾದರೂ ಗ್ರಾಹಕಕ್ಕೆ ಅಂಟುವ ಭಾಗವನ್ನು ಆ ವಿಷ ಬಹಳವಾಗಿ ಬದಲಿಸಿಕೊಳ್ಳುವಂತಿಲ್ಲ, ಬದಲಿಸಿಕೊಂಡರೆ ವಿಷದ ಕೆಲಸವೇ ನಿಂತುಹೋಗುತ್ತದೆ. 95ಮ್ಯಾಟ್5 ಗ್ರಾಹಕದ ಆಕಾರವನ್ನೇ ಅನುಕರಿಸಿ ಸರಿಯಾಗಿ ಆ ಭಾಗವನ್ನು ಹಿಡಿಯುತ್ತದೆ. ಇಂಥ ಸಣ್ಣ ನರವಿಷಗಳ ವಿರುದ್ಧ ಕುದುರೆ ಒಳ್ಳೆಯ ಪ್ರತಿಕಾಯ ತಯಾರಿಸುವುದಿಲ್ಲ ಎಂಬುದು ಹಳೆಯ ದೂರು, ಹೀಗಾಗಿ ಇಲ್ಲಿ ಗೆಲುವಿನ ಬೆಲೆ ಹೆಚ್ಚು.

2025ರ ಜನವರಿಯಲ್ಲಿ ಅಮೆರಿಕದ ಪ್ರೋಟೀನು ವಿನ್ಯಾಸ ವಿಜ್ಞಾನಿ ಡೇವಿಡ್ ಬೇಕರ್ ಅವರ ತಂಡ ಇದೇ ಮೂರು ಬೆರಳಿನ ವಿಷಗಳನ್ನು ಹಿಡಿಯುವ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲೇ ರೂಪಿಸಿ ಇಲಿಗಳನ್ನು ಉಳಿಸಿ ತೋರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಅಮೆರಿಕನ್ ತಂಡ, ಸುಮಾರು 18 ವರ್ಷ 16 ಜಾತಿಯ ಹಾವುಗಳ ವಿಷವನ್ನು ತಾನಾಗಿಯೇ 800ಕ್ಕೂ ಹೆಚ್ಚು ಬಾರಿ ಮೈಗೇರಿಸಿಕೊಂಡಿದ್ದ ಟಿಮ್ ಫ್ರೀಡ್ ಎಂಬವರ ರಕ್ತದಿಂದ ಎರಡು ಪ್ರತಿಕಾಯಗಳನ್ನು ಹೆಕ್ಕಿ, ವಾರೆಸ್ಪ್ಲಾಡಿಬ್ ಎಂಬ ರಾಸಾಯನಿಕದೊಡನೆ ಸೇರಿಸಿ ನಾಗರ ಕುಲದ 19 ಹಾವುಗಳ ವಿಷದೆದುರು ಪರೀಕ್ಷಿಸಿತು. 13 ವಿಷಗಳೆದುರು ಇಲಿಗಳಿಗೆ ಪೂರ್ಣ ರಕ್ಷಣೆ, ಉಳಿದವುಗಳೆದುರು ಭಾಗಶಃ. ಆ ವ್ಯಕ್ತಿಯ ಸಾಹಸವನ್ನು ಯಾರೂ ಅನುಕರಿಸಬಾರದೆಂದು ಸಂಶೋಧಕರೇ ಹೇಳಿದ್ದಾರೆ, ಪತ್ರಿಕೆಗಳು ಮಾತ್ರ ಅದನ್ನೇ ದೊಡ್ಡದು ಮಾಡಿದವು.

ಈ ಮೂರೂ ಗೆಲುವುಗಳು ನಾಗರ ಕುಲದ ಮೇಲಿನವು ಎಂಬುದನ್ನು ಸುದ್ದಿ ಓದಿದವರು ಬಹುಶಃ ಗಮನಿಸಿರಲಿಕ್ಕಿಲ್ಲ. ನರವಿಷಕ್ಕೆ ಒಂದೇ ಬಾಗಿಲು, ಆ ಬಾಗಿಲನ್ನು ಕಾದರೆ ಕೆಲಸ ಬಹುಪಾಲು ಆಯಿತು. ಮಂಡಲದ ಹಾವುಗಳಲ್ಲಿ ಹಾಗಲ್ಲ: ರಕ್ತವನ್ನು ಕೆಡಿಸುವ ಕಿಣ್ವಗಳು, ನಾಳದ ಗೋಡೆಯನ್ನು ಸೀಳುವ ಲೋಹಯುಕ್ತ ಕಿಣ್ವಗಳು, ಪೊರೆಗಳನ್ನು ಕರಗಿಸುವ ಫಾಸ್ಫೋಲೈಪೇಸ್‌ಗಳು ಬೇರೆ ಬೇರೆ ಬಾಗಿಲುಗಳಿಂದ ಒಟ್ಟಿಗೆ ನುಗ್ಗುತ್ತವೆ. ಒಂದೆರಡು ಪ್ರತಿಕಾಯಗಳಿಂದ ಇವನ್ನೆಲ್ಲ ತಡೆಯಲಾಗದು. ಫಾಸ್ಫೋಲೈಪೇಸನ್ನು ತಡೆಯುವ ವಾರೆಸ್ಪ್ಲಾಡಿಬನ್ನು ಬಾಯಿಂದ ನುಂಗುವ ಔಷಧವಾಗಿ ಭಾರತದ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೆಯೇ ಪರೀಕ್ಷಿಸಿದ್ದಾರೆ. 2024ರಲ್ಲಿ ಹೊರಬಂದ ಆ ಪ್ರಯೋಗದ ಮುಖ್ಯ ಅಳತೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ; ಕಚ್ಚಿದ ಕೆಲವೇ ಗಂಟೆಗಳೊಳಗೆ ನುಂಗಿದವರಲ್ಲಿ ಲಾಭದ ಸೂಚನೆಯಿತ್ತು. ಹೊಲದಿಂದ ಆಸ್ಪತ್ರೆಗೆ ಬರುವ ದಾರಿಯಲ್ಲೇ ನುಂಗಬಹುದಾದ ಮಾತ್ರೆ ಎಂಬ ಆಸೆ ಇನ್ನೂ ಬತ್ತಿಲ್ಲ, ಆದರೆ ಅದು ಪ್ರತಿವಿಷದ ಬದಲಿಯಲ್ಲ.

ಹೀಗಾಗಿ, ಅತಿ ಹೆಚ್ಚು ಕಚ್ಚುವ ಹಾವಿನ ಮಟ್ಟಿಗೆ ಮುಂದಿನ ಹತ್ತು ವರ್ಷದ ದೊಡ್ಡ ಲಾಭ ಹೊಸ ಅಣುವಿನಿಂದಲ್ಲ, ಹಳೆಯ ಕುದುರೆಗೆ ಸರಿಯಾದ ವಿಷ ತೋರಿಸುವುದರಿಂದ ಬರುತ್ತದೆ ಎಂದು ನನ್ನ ತೀರ್ಮಾನ. ಇದಕ್ಕೆ ಬೇಕಾದ ವಿಜ್ಞಾನ ಈಗಾಗಲೇ ಕೈಯಲ್ಲಿದೆ. ಬೇಕಾದದ್ದು ಹಲವು ರಾಜ್ಯಗಳ ಹಾವುಗಳಿಂದ ಕಾನೂನುಬದ್ಧವಾಗಿ ವಿಷ ಸಂಗ್ರಹಿಸುವ ವ್ಯವಸ್ಥೆ, ಆ ವಿಷಗಳ ಮಿಶ್ರಣದಿಂದ ತಯಾರಾದ ಪ್ರತಿವಿಷವನ್ನು ಆಯಾ ಪ್ರದೇಶದ ವಿಷದೆದುರೇ ಪರೀಕ್ಷಿಸಬೇಕೆಂಬ ಫಾರ್ಮಾಕೋಪಿಯಾದ ನಿಯಮ, ಮತ್ತು ಹೆಚ್ಚುವರಿ ಖರ್ಚನ್ನು ಹೊರುವ ಖರೀದಿದಾರ. ಸರ್ಕಾರಗಳೇ ದೊಡ್ಡ ಖರೀದಿದಾರರಾಗಿರುವಾಗ, ಅತಿ ಕಡಿಮೆ ಬೆಲೆ ಕೂಗಿದವರಿಗೆ ಟೆಂಡರು ಕೊಡುವ ಪದ್ಧತಿಯಲ್ಲಿ ಯಾವ ತಯಾರಕನೂ ಸ್ವಂತ ಖರ್ಚಿನಲ್ಲಿ ಸೀಸೆಯ ಗುಣ ಹೆಚ್ಚಿಸಲು ಮುಂದೆ ಬರಲಾರ.

ಎಣಿಕೆಗೆ ಬಂದ ಹಾವು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯ ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2019ರಲ್ಲಿ ಸಾವು ಮತ್ತು ಅಂಗವೈಕಲ್ಯವನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಗುರಿ ಹಾಕಿಕೊಂಡಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಸೇರಿ ಎಲ್ಲಿ ಪ್ರಕರಣ ಬಂದರೂ ಸರ್ಕಾರಕ್ಕೆ ತಿಳಿಸಬೇಕು. ಮರು ತಿಂಗಳು ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. ಅದರಲ್ಲಿ ಪ್ರಾದೇಶಿಕ ವಿಷ ಕೇಂದ್ರಗಳ ಪ್ರಸ್ತಾಪವಿದೆ. ಆ ವರ್ಷದ ನವೆಂಬರಿನಲ್ಲಿ ಉಳಿದ ರಾಜ್ಯಗಳೂ ವರದಿಯನ್ನು ಕಡ್ಡಾಯ ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಪತ್ರ ಬರೆಯಿತು.

ವರದಿ ಕಡ್ಡಾಯವಾದದ್ದು ಕಚೇರಿಯ ಕೆಲಸದಂತೆ ಕಾಣುತ್ತದೆ, ಆದರೆ ಈ ಪ್ರಕರಣದ ಗಂಟನ್ನು ಸಡಿಲಿಸಬಲ್ಲದ್ದು ಅದೇ. ಯಾವ ತಾಲ್ಲೂಕಿನಲ್ಲಿ ಯಾವ ಹಾವು ಕಚ್ಚಿತು, ಎಷ್ಟು ಸೀಸೆ ಹೋಯಿತು, ಎರಡನೆಯ ಕೊಳವೆಯ ರಕ್ತ ಹೆಪ್ಪುಗಟ್ಟಿತೇ, ಡಯಾಲಿಸಿಸ್ ಬೇಕಾಯಿತೇ ಎಂಬ ನಾಲ್ಕು ಸಂಗತಿಗಳು ಪ್ರತಿ ವರದಿಯಲ್ಲಿಯೂ ಬಂದರೆ, ಒಂದು ಹಾಸಿಗೆಯ ಬಳಿ ನಿಂತ ವೈದ್ಯರಿಗೆ ಕಾಣದ ವ್ಯತ್ಯಾಸ ಸಾವಿರ ಹಾಸಿಗೆಗಳ ಲೆಕ್ಕದಲ್ಲಿ ಕಾಣತೊಡಗುತ್ತದೆ. ಒಂದು ಜಿಲ್ಲೆಯಲ್ಲಿ ಹತ್ತು ಸೀಸೆಗೆ ಹೆಪ್ಪುಗಟ್ಟುವ ರಕ್ತ ಇನ್ನೊಂದು ಜಿಲ್ಲೆಯಲ್ಲಿ ಸತತವಾಗಿ ಇಪ್ಪತ್ತಕ್ಕೂ ಹೆಪ್ಪುಗಟ್ಟದಿದ್ದರೆ, ವಿಷ ಸಂಗ್ರಹಿಸಲು ಮೊದಲು ಹೋಗಬೇಕಾದ ಜಾಗ ಅದೇ. ಸದ್ಯಕ್ಕೆ ನಮೂನೆಗಳು ಪ್ರಕರಣ ಮತ್ತು ಸಾವಿನ ಎಣಿಕೆಗೇ ಹೆಚ್ಚು ಒತ್ತು ಕೊಡುತ್ತವೆ. ಸೀಸೆಯ ಚೀಟಿಯ ಮೇಲಂತೂ, ಕೊಳಕುಮಂಡಲದ ಹೆಸರಿನ ಮುಂದೆ ಅದೇ 0.6 ಇದೆ, ಯಾವ ಸೀಮೆಯ ಹಾವಿನ ವಿಷದೆದುರು ಅಳೆದದ್ದೆಂದು ಅದರ ಪಕ್ಕದಲ್ಲಿ ಬರೆಯಬೇಕೆಂಬ ನಿಯಮ ಇನ್ನೂ ಬಂದಿಲ್ಲ.